ದಾನಚಿಂತಾಮಣಿ ಅತ್ತಿಮಬ್ಬೆ

ಸಂಪತ್ತು ಬೆಳೆದಂತೆ ದಾನಬುದ್ಧಿಯೂ ತಾನಾಗಿ ಬೆಳೆಯುವುದೆಂದು ನಂಬುವವರು ಬಹು ಮಂದಿ. ಆದರೆ ಲೋಕದ ಅನುಭವವು ಅದಕ್ಕೆ ಅನುಕೂಲವಾಗಿಲ್ಲ. ಹೆಂಚಿನ ಮನೆಯಲ್ಲಿದ್ದಾಗ ಊರ ಬಸದಿಯ ದೀಪಕ್ಕೆ ಎಣ್ಣೆಯನ್ನೂ ಪಾಠಶಾಲೆಯ ಮಕ್ಕಳಿಗೆ ಅಕ್ಕಿಯನ್ನೂ ತಪ್ಪದೆ ಸಲ್ಲಿಸುತ್ತಿದ್ದ ಮನೆತನಗಳಲ್ಲಿ, ಮನೆಗೆ ಮಹಡಿ ಏರಿದ ಮೇಲೆ ಆ ಪದ್ಧತಿಯು ನಿಂತುಹೋದ ಉದಾಹರಣೆಗಳು ಊರೂರಿನಲ್ಲಿಯೂ ದೊರೆಯುತ್ತವೆ. ಕಾಲ ಕೆಟ್ಟಿತು, ಬೆಲೆಗಳು ಏರಿದುವು, ಸಂಸಾರದ ಭಾರ ಹೆಚ್ಚಿತು ಎಂಬ ಕಾರಣಗಳನ್ನು ಹೇಳುವುದು ವಾಡಿಕೆ. ಈ ಕಾರಣಗಳು ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಅರಿಯಬೇಕಾದರೆ, ಕಾಲವು ನಿಜವಾಗಿಯೂ ಕೆಟ್ಟಿದ್ದಾಗ, ಸ್ವಂತ ಬಾಳಿನಲ್ಲಿಯೂ ಕತ್ತಲೆ ಕವಿದಿದ್ದಾಗ, ಕೊಡುವುದನ್ನು ನಿಲ್ಲಿಸದೆ ಬಾಳಿದವರ ಚರಿತ್ರೆಯನ್ನು ನೋಡಬೇಕು. ಕನ್ನಡ ನಾಡಿನಲ್ಲಿ ಅಂತಹ ಚರಿತ್ರೆಗೆ ಮೊದಲ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು.

ಅತ್ತಿಮಬ್ಬೆಯು ಬಾಳಿದ ಕಾಲ ಕ್ರಿ.ಶ. ಹತ್ತನೆಯ ಶತಮಾನದ ಉತ್ತರಾರ್ಧ ಮತ್ತು ಹನ್ನೊಂದನೆಯ ಶತಮಾನದ ಆರಂಭ. ಆಕೆಯ ಜೀವನವೃತ್ತಾಂತವನ್ನು ತಿಳಿಯಲು ಮುಖ್ಯವಾಗಿ ಎರಡು ಆಧಾರಗಳಿವೆ. ಮೊದಲನೆಯದು ಕವಿಚಕ್ರವರ್ತಿ ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣ. ಎರಡನೆಯದು ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿರುವ 1007ರ ಶಿಲಾಶಾಸನ. ಕಾವ್ಯವೊಂದು, ಕಲ್ಲೊಂದು; ಇವೆರಡೂ ಆಕೆಯ ದಾನದಿಂದಲೇ ಹುಟ್ಟಿದುವೆಂಬುದು ಗಮನಾರ್ಹ ಸಂಗತಿ.

ಆಕೆಯ ಪೂರ್ವಿಕರು ವೆಂಗಿ ಮಂಡಲದ ಪುಂಗನೂರಿನವರು. ಆ ಊರಿನ ನಾಗಮಯ್ಯನೆಂಬ ಜಿನಭಕ್ತನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಅಣ್ಣತಮ್ಮಂದಿರಿಬ್ಬರೂ ಕತ್ತಿ ಹಿಡಿದು ರಾಜಸೇವೆ ಮಾಡಿದ ವೀರರು. ಜೊತೆಗೆ ಶಾಸ್ತ್ರವನ್ನು ಬಲ್ಲವರು, ಕವಿಗಳಿಗೆ ಆಶ್ರಯವಿತ್ತವರು. ತಮ್ಮ ಗುರುಗಳಾದ ಜಿನಚಂದ್ರದೇವರು ದೇಹವನ್ನು ತ್ಯಜಿಸಿದಾಗ, ಅವರ ನೆನಪಿಗೆ ಏನು ಮಾಡಬೇಕೆಂಬ ಪ್ರಶ್ನೆ ಈ ಸಹೋದರರಿಗೆ ಎದುರಾಯಿತು. ಅವರು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಮನ್ನಣೆ ಪಡೆದಿದ್ದ ಕವಿ ಪೊನ್ನನನ್ನು ಕರೆಸಿ, ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಿಸಿದರು. ಶಾಂತಿಪುರಾಣವು ಹೀಗೆ ಗುರುವಿಗೆ ಸಲ್ಲಿಸಿದ ಪರೋಕ್ಷವಿನಯವಾಗಿ ಹುಟ್ಟಿದ ಕೃತಿ.

ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಮಗಳೇ ಅತ್ತಿಮಬ್ಬೆ. ಗುಂಡಮಬ್ಬೆ ಆಕೆಯ ತಂಗಿ. ತಂದೆಯೂ ಚಿಕ್ಕಪ್ಪನೂ ತಮ್ಮ ಗಳಿಕೆಯನ್ನು ಗ್ರಂಥರಚನೆಗಾಗಿ ವಿನಿಯೋಗಿಸಿದುದನ್ನು ಕಂಡು ಬೆಳೆದ ಮನೆ ಅದು. ಕವಿಯು ಬಂದರೆ ಅವನಿಗೆ ಆಸನ, ಮುನಿಗಳು ಬಂದರೆ ಅವರಿಗೆ ಆಹಾರ, ಓದುವವನಿಗೆ ಓಲೆ ಎಂಬ ರೀತಿಯ ಮನೆತನದಲ್ಲಿ ಮಕ್ಕಳಿಗೆ ದಾನವನ್ನು ಉಪದೇಶಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಅತ್ತಿಮಬ್ಬೆಯ ಮುಂದಿನ ಬಾಳನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಅಂಶವು ಬೀಗದ ಕೈಯಂತಿದೆ.

ಆ ದಿನಗಳು ರಾಜ್ಯಗಳು ಉರುಳಿ ಏಳುತ್ತಿದ್ದ ದಿನಗಳು. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಆಳ್ವಿಕೆಯನ್ನು ಪುನಃ ಸ್ಥಾಪಿಸಿದನು. ಮಲ್ಲಪಯ್ಯನು ತೈಲಪನ ಪಕ್ಷದಲ್ಲಿ ಸೇನಾನಿಯಾದನು. ಅದೇ ಆಸ್ಥಾನದ ಮಹಾಮಂತ್ರಿಯಾಗಿದ್ದ ಧಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರನ್ನೂ ಕೊಟ್ಟು ವಿವಾಹ ಮಾಡಲಾಯಿತು. ನಾಗದೇವನು ತೈಲಪನ ದಂಡನಾಯಕರಲ್ಲಿ ಹೆಸರು ಪಡೆದ ಶೂರ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ತೌರಿನಲ್ಲಿ ಸೇನಾನಿಯ ಮಗಳು, ಅತ್ತೆಯ ಮನೆಯಲ್ಲಿ ಮಂತ್ರಿಯ ಸೊಸೆ, ದಂಡನಾಯಕನ ಪತ್ನಿ, ಪುತ್ರವತಿ. ಲೋಕವು ಸೌಭಾಗ್ಯವೆಂದು ಎಣಿಸುವುದೆಲ್ಲವೂ ಆಕೆಗೆ ಒದಗಿತ್ತು.

ಆ ಸೌಭಾಗ್ಯವು ಉಳಿಯಲಿಲ್ಲ. ನಾಗದೇವನು ಯುದ್ಧರಂಗದಲ್ಲಿ ಮಡಿದನು. ಗುಂಡಮಬ್ಬೆಯು ಪತಿಯೊಡನೆ ಸಹಗಮನ ಮಾಡಿದಳು. ಒಂದೇ ಪೆಟ್ಟಿಗೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಚಿಕ್ಕ ಮಗನಿದ್ದನು, ಮುಂದಿನ ಬಾಳಿತ್ತು. ಆಕೆ ಬದುಕಲು ನಿಶ್ಚಯಿಸಿದಳು. ಆದರೆ ಭೋಗಕ್ಕಾಗಿ ಬದುಕಲಿಲ್ಲ. ಶ್ರಾವಕಿಯ ವ್ರತನಿಯಮಗಳನ್ನು ಕೈಕೊಂಡು, ಉಪವಾಸಗಳಿಂದ ದೇಹವನ್ನು ಕೃಶಗೊಳಿಸಿ, ಮಗನನ್ನು ಬೆಳೆಸುತ್ತ, ತನ್ನಲ್ಲಿದ್ದುದೆಲ್ಲವನ್ನೂ ಧರ್ಮಕ್ಕೆ ಸಲ್ಲಿಸುವ ಮಾರ್ಗವನ್ನು ಹಿಡಿದಳು. ದುಃಖವು ಮನುಷ್ಯನನ್ನು ಎರಡು ಬಗೆಯಲ್ಲಿ ಮಾರ್ಪಡಿಸುತ್ತದೆ. ಕೆಲವರು ಇದ್ದುದೂ ಹೋದೀತೆಂಬ ಭಯದಿಂದ ಮುಷ್ಟಿಯನ್ನು ಬಿಗಿಹಿಡಿಯುತ್ತಾರೆ. ಕೆಲವರು ಯಾವುದೂ ತನ್ನದಾಗಿ ನಿಲ್ಲದೆಂಬುದನ್ನು ಕಂಡು ಮುಷ್ಟಿಯನ್ನು ಬಿಚ್ಚುತ್ತಾರೆ. ಅತ್ತಿಮಬ್ಬೆಯು ಎರಡನೆಯ ಬಗೆಯವಳು.

ಆಕೆಯ ದಾನಗಳಲ್ಲಿ ಜಗತ್ತಿನ ಇತಿಹಾಸದಲ್ಲಿಯೇ ಅಪೂರ್ವವೆನ್ನಬಹುದಾದುದು ಶಾಂತಿಪುರಾಣದ ಶಾಸ್ತ್ರದಾನ. ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಆ ಗ್ರಂಥದ ಪ್ರತಿಗಳು ವಿರಳವಾಗತೊಡಗಿದಾಗ, ಆಕೆಯು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂದೂ, ನಾಡಿನಾದ್ಯಂತ 1501 ಬಸದಿಗಳನ್ನು ಕಟ್ಟಿಸಿದಳೆಂದೂ ಪರಂಪರೆಯು ಹೇಳುತ್ತದೆ.

1000 ಪ್ರತಿಗಳೆಂದರೆ ಏನೆಂಬುದನ್ನು ಮುದ್ರಣಯಂತ್ರದ ಕಾಲದಲ್ಲಿರುವವರು ಸುಲಭವಾಗಿ ಊಹಿಸಲಾರರು. ತಾಳೆಯ ಗರಿಗಳನ್ನು ಆಯ್ದು, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಬಳಿಕ ಮಸಿಯನ್ನು ಹಚ್ಚಿ ಒರೆಸಬೇಕು. ರಂಧ್ರದಲ್ಲಿ ದಾರವನ್ನು ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಶಾಂತಿಪುರಾಣವು 12 ಆಶ್ವಾಸಗಳ ದೊಡ್ಡ ಚಂಪೂಕಾವ್ಯ. ಒಬ್ಬ ಲಿಪಿಕಾರನಿಗೆ ಒಂದು ಪ್ರತಿಗೆ ಒಂದು ತಿಂಗಳು ಸಾಕೆಂದು ಎಣಿಸಿದರೂ, 1000 ಪ್ರತಿಗಳಿಗೆ 83 ವರ್ಷಗಳಿಗೂ ಮಿಗಿಲಾದ ದುಡಿಮೆ ಬೇಕು. ಎಂದಮೇಲೆ ಅನೇಕ ಲಿಪಿಕಾರರನ್ನು ಕೂಡಿಸಿ, ಅವರ ಅನ್ನವಸ್ತ್ರಗಳನ್ನು ನೋಡಿಕೊಂಡು, ಬರೆದುದನ್ನು ತಿದ್ದಿಸಿ, ತಕ್ಕವರ ಕೈಗೆ ಮುಟ್ಟಿಸುವ ಒಂದು ದೊಡ್ಡ ವ್ಯವಸ್ಥೆಯನ್ನೇ ಆಕೆಯು ನಡೆಸಿರಬೇಕು. ಇಲ್ಲಿ ದಾನವೆಂದರೆ ಹಣವನ್ನು ಎಣಿಸಿ ಕೈತೊಳೆದುಕೊಳ್ಳುವ ಕಾರ್ಯವಾಗಿರಲಿಲ್ಲ. ಕೊಟ್ಟ ಹಣವು ಕಾರ್ಯವಾಗಿ, ಕಾರ್ಯವು ಓದುಗನ ಕೈಯಲ್ಲಿ ಗ್ರಂಥವಾಗಿ ನಿಲ್ಲುವವರೆಗೂ ದಾನಿಯ ಲಕ್ಷ್ಯವು ಅದರ ಬೆನ್ನಹಿಂದೆ ಇತ್ತು.

ಈ ದಾನದ ಬೆಲೆಯನ್ನು ಅಳೆಯಲು ಒಂದು ಸಂಗತಿಯನ್ನು ಸ್ಮರಿಸಿದರೆ ಸಾಕು. ಪೊನ್ನನು ಭುವನೈಕರಾಮಾಭ್ಯುದಯವೆಂಬ ಮತ್ತೊಂದು ಕಾವ್ಯವನ್ನೂ ರಚಿಸಿದ್ದನು. ಅದು ದೊರೆತಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ದೊರೆತಿಲ್ಲ. ಶಾಂತಿಪುರಾಣವು ಉಳಿದಿದೆ. ಗ್ರಂಥಗಳು ಉಳಿಯಲು ಅಳಿಯಲು ಕಾರಣಗಳು ಹಲವಿರಬಹುದು. ಆದರೂ ಹತ್ತು ಪ್ರತಿಗಳುಳ್ಳ ಗ್ರಂಥಕ್ಕೂ ಸಾವಿರ ಪ್ರತಿಗಳುಳ್ಳ ಗ್ರಂಥಕ್ಕೂ ಗೆದ್ದಲು, ಬೆಂಕಿ, ನೀರು, ಯುದ್ಧಗಳಿಂದ ಒದಗುವ ಅಪಾಯವು ಸಮಾನವಲ್ಲ. ಇಂದು ಕನ್ನಡದ ವಿದ್ಯಾರ್ಥಿಯು ಪೊನ್ನನನ್ನು ಓದುವಾಗ, ಆ ಓದಿನಲ್ಲಿ ಅತ್ತಿಮಬ್ಬೆಯ ಪಾಲೂ ಇದೆಯೆಂದು ಹೇಳುವುದು ಉಚಿತವಾಗಿದೆ.

ಹಳೆಯ ಗ್ರಂಥವನ್ನು ಉಳಿಸಿದವಳು ಹೊಸ ಗ್ರಂಥವನ್ನೂ ಹುಟ್ಟಿಸಿದಳು. ಮುದುವೊಳಲು, ಎಂದರೆ ಇಂದಿನ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸಿ ಊರು ಬಿಟ್ಟು ಹೊರಟವನು. ಗಂಗರ ಮಂತ್ರಿ ಚಾವುಂಡರಾಯನ ಆಶ್ರಯದಲ್ಲಿ ಅವನ ಪ್ರತಿಭೆಯು ಬೆಳೆಯಿತು. ಚಾಲುಕ್ಯರ ಆಸ್ಥಾನದಲ್ಲಿ ಬೆಳಗಿತು. ಅಂತಹ ಮಹಾಕವಿಗೆ ಎರಡನೆಯ ತೀರ್ಥಂಕರನಾದ ಅಜಿತನಾಥನ ಪುರಾಣವನ್ನು ರಚಿಸುವಂತೆ ಪ್ರೇರಣೆಯಿತ್ತು, ಬೇಕಾದ ಸಕಲ ಅನುಕೂಲತೆಗಳನ್ನು ಒದಗಿಸಿದವಳು ಅತ್ತಿಮಬ್ಬೆ. ಕವಿಯು ಕೃತಿಯಲ್ಲಿ ಆಕೆಯ ಮನೆತನ, ಶೀಲ, ದಾನಗಳನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆ. ಅದಕ್ಕಿಂತಲೂ ಹಿರಿದಾದ ಗೌರವವನ್ನು ಅವನು ತನ್ನ ಮನೆಯಲ್ಲಿ ಸಲ್ಲಿಸಿದನು. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಹೊಗಳಿಕೆಯನ್ನು ಆಸ್ಥಾನದಲ್ಲಿ ಯಾರಿಗಾದರೂ ಹೇಳಬಹುದು. ಕರುಳಿನ ಕುಡಿಗೆ ಇಡುವ ಹೆಸರು ಮಾತ್ರ ಹೃದಯದಿಂದಲೇ ಬರಬೇಕು. ಪಡೆದವನು ಕೊಟ್ಟವರನ್ನು ಮರೆಯದಿರುವುದೂ ದಾನಪರಂಪರೆಯು ಮುಂದುವರಿಯಲು ಒಂದು ಮುಖ್ಯ ಕಾರಣವಾಗಿದೆ.

ಮಗ ಅಣ್ಣಿಗದೇವನು ಬೆಳೆದು, ಪಡೆವಳ ತೈಲನೆಂದೂ ಪ್ರಸಿದ್ಧನಾಗಿ, ಮಾಸವಾಡಿ ನಾಡಿನ ಅಧಿಕಾರವನ್ನು ವಹಿಸಿಕೊಂಡನು. ಆ ನಾಡಿನ ಸಮೀಪದ ಲೊಕ್ಕಿಗುಂಡಿಯೇ ಇಂದಿನ ಲಕ್ಕುಂಡಿ. ಅಂದು ಅದು ಮಹಾಜನರಿಂದ ಕೂಡಿದ ಪ್ರಸಿದ್ಧ ಅಗ್ರಹಾರ. ಅಲ್ಲಿಯ ಟಂಕಸಾಲೆಯ ನಾಣ್ಯಗಳಿಗೆ ಲೊಕ್ಕಿಗದ್ಯಾಣವೆಂಬ ಹೆಸರೇ ಬಂದಿತು. ಆ ಊರಿನಲ್ಲಿ ಅತ್ತಿಮಬ್ಬೆಯು ಕಟ್ಟಿಸಿದ ಬ್ರಹ್ಮಜಿನಾಲಯವು ಆಕೆಯ ಅಸಂಖ್ಯ ಬಸದಿಗಳಲ್ಲಿ ಇಂದಿಗೂ ನಿಂತು ಸಾಕ್ಷಿ ಹೇಳುವ ಕಟ್ಟಡ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಬಳಸುತ್ತಿದ್ದ ಮರಳುಗಲ್ಲಿಗೆ ಬದಲಾಗಿ ನುಣುಪಾದ ಬಳಪದ ಕಲ್ಲನ್ನು ಬಳಸಿದ ಆರಂಭದ ಕಟ್ಟಡಗಳಲ್ಲಿ ಅದೂ ಒಂದು. ಅದರ ಸಭಾಮಂಟಪದಲ್ಲಿರುವ ಚತುರ್ಮುಖ ಬ್ರಹ್ಮನ ಮತ್ತು ಪದ್ಮಾವತಿಯ ವಿಗ್ರಹಗಳು ಯಾತ್ರಿಕರ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ.

ಈ ಜಿನಾಲಯಕ್ಕೆ ಸಂಬಂಧಿಸಿದ ಶಾಸನದ ಕಾಲವು 1007. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಆಗ ಆಳುತ್ತಿದ್ದನು. ಆ ವರ್ಷವು ನಾಡಿಗೆ ಎಂತಹ ವರ್ಷವಾಗಿತ್ತೆಂಬುದನ್ನು ಹೊಟ್ಟೂರಿನ ಇನ್ನೊಂದು ಶಾಸನವು ತಿಳಿಸುತ್ತದೆ. ಅದರ ಕಾಲವೂ ಶಕ 929, ಎಂದರೆ 1007ರ ಸುಮಾರು. ಚೋಳರ ಅಪಾರ ಸೈನ್ಯವು ನಾಡಿನೊಳಗೆ ನುಗ್ಗಿ, ದೋಣವೂರಿನಲ್ಲಿ ಬೀಡುಬಿಟ್ಟು, ಊರುಗಳನ್ನು ಸೂರೆಗೈದು, ಹೆಂಗಸರು ಮಕ್ಕಳೆನ್ನದೆ ಕೊಂದುದನ್ನೂ, ಬಳಿಕ ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದುದನ್ನೂ ಅದು ವರ್ಣಿಸುತ್ತದೆ. ಸೈನ್ಯದ ಸಂಖ್ಯೆಯು 9 ಲಕ್ಷವೆಂದು ಹೇಳಿರುವುದರಲ್ಲಿ ಉತ್ಪ್ರೇಕ್ಷೆಯಿರಬಹುದು, ಹಾವಳಿಯಲ್ಲಿ ಸಂದೇಹವಿಲ್ಲ. ಕಾಲ ಕೆಟ್ಟಿತೆಂದು ಹೇಳಿ ಕೈಯನ್ನು ಹಿಂದೆಗೆಯಲು ಅದಕ್ಕಿಂತ ಹೆಚ್ಚಿನ ಕಾರಣ ಯಾರಿಗೂ ಬೇಕಿರಲಿಲ್ಲ. ಪತಿಯನ್ನು ಯುದ್ಧಕ್ಕೆ ಒಪ್ಪಿಸಿದ್ದ, ಮಗನನ್ನು ರಾಜಸೇವೆಗೆ ಕಳುಹಿಸಿದ್ದ ತಾಯಿಗೆ ನಾಳೆಯ ಭಯವು ಇತರರಿಗಿಂತ ಕಡಿಮೆಯಾಗಿರಲಾರದು. ಆದರೂ ಅಂತಹ ವರ್ಷದಲ್ಲಿಯೇ ಆಕೆಯ ಧರ್ಮಕಾರ್ಯವು ಕಲ್ಲಿನಲ್ಲಿ ದಾಖಲೆಯಾಯಿತು.

ಜಿನಾಲಯವನ್ನು ಕಟ್ಟಿಸಿದುದಕ್ಕಷ್ಟೇ ಆಕೆಯು ತೃಪ್ತಳಾಗಲಿಲ್ಲ. ಪೂಜೆ, ದುರಸ್ತಿ, ಮುನಿಗಳ ಆಹಾರದಾನಗಳು ಮುಂದೆಯೂ ನಿಲ್ಲದೆ ನಡೆಯುವಂತೆ ಭೂದತ್ತಿಯನ್ನು ಏರ್ಪಡಿಸಿ, ಅದನ್ನು ಸೂರಸ್ಥಗಣದ ಅರ್ಹಣಂದಿ ಪಂಡಿತರಿಗೆ ಒಪ್ಪಿಸಲಾಯಿತು. ಕಟ್ಟಡವನ್ನು ಕಟ್ಟುವ ದಿನದ ಉತ್ಸಾಹವು ಒಂದು ತಲೆಮಾರಿನಲ್ಲಿ ಇಳಿದುಹೋಗುತ್ತದೆ. ಮಾಡು ಸೋರಿದಾಗ ಹೆಂಚು ಹೊದಿಸುವವನು, ಎಣ್ಣೆ ತೀರಿದಾಗ ದೀಪಕ್ಕೆ ಎರೆಯುವವನು ಯಾರೆಂಬುದನ್ನು ಮೊದಲೇ ಗೊತ್ತುಪಡಿಸುವುದು ದೂರದೃಷ್ಟಿಯುಳ್ಳ ದಾನಿಯ ಲಕ್ಷಣ. ಆ ಕಾಲದ ದಾನಶಾಸನಗಳಲ್ಲಿ ಗದ್ದೆ, ತೋಟ, ಗಾಣ, ಸುಂಕಗಳ ವಿವರಗಳು ಅಷ್ಟೊಂದು ಎಚ್ಚರದಿಂದ ಬರೆದಿರುವುದರ ಅರ್ಥವು ಇದೇ ಆಗಿದೆ.

ಅತ್ತಿಮಬ್ಬೆಯ ಮಹಿಮೆಯನ್ನು ಹೇಳುವ ಅತಿಶಯಗಳೂ ಬಳಕೆಯಲ್ಲಿವೆ. ಲಕ್ಕುಂಡಿಯ ಶಾಸನವೂ ಅವುಗಳನ್ನು ಸ್ಮರಿಸುತ್ತದೆ. ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಆಕೆಗಾಗಿ ಶಾಂತವಾಯಿತೆಂದೂ, ಮದಿಸಿದ ಆನೆಯು ಆಕೆಯ ಎದುರಿಗೆ ತಲೆವಾಗಿತೆಂದೂ, ಗಂಧೋದಕದಿಂದ ಬೆಂಕಿಯು ನಂದಿತೆಂದೂ ಹೇಳುತ್ತಾರೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಸಂಕಲ್ಪಿಸಿ ಬೆಟ್ಟವನ್ನೇರಿದಾಗ, ಆಕೆಯ ದಣಿವನ್ನು ಆರಿಸಲು ಅಕಾಲದಲ್ಲಿ ಮಳೆ ಸುರಿಯಿತೆಂಬ ಕಥೆಯೂ ಇದೆ. ಇವುಗಳನ್ನು ಭಕ್ತರು ಭಕ್ತಿಯಿಂದ ಕೇಳುತ್ತಾರೆ. ಇತಿಹಾಸದ ದೃಷ್ಟಿಯಿಂದ ನೋಡುವವರಿಗೂ ಇವು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಜನರು ಇಂತಹ ಕಥೆಗಳನ್ನು ಹೆಣೆಯುವುದು ತಾವು ಕಣ್ಣಾರೆ ಕಂಡು ಪ್ರೀತಿಸಿದವರ ಸುತ್ತಲೇ ಹೊರತು, ಬರಿಯ ಸಿರಿವಂತರ ಸುತ್ತಲಲ್ಲ.

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಕೊಡುವ ರೀತಿ, ಕೊಡುವ ವಸ್ತು, ಕೊಡುವವನ ಮನಸ್ಸು, ಪಡೆಯುವವನ ಯೋಗ್ಯತೆ ಇವು ನಾಲ್ಕೂ ಕೂಡಿದಾಗ ದಾನವು ಸಫಲವಾಗುತ್ತದೆ. ಅತ್ತಿಮಬ್ಬೆಯ ಬಾಳಿನಲ್ಲಿ ಇವು ಕೂಡಿದ್ದುವು. ದಾನವು ಕ್ಷೀಣಿಸಿದ ಕಡೆಗಳಲ್ಲಿ ಇವುಗಳಲ್ಲಿ ಯಾವುದಾದರೊಂದು ಸಡಿಲಗೊಂಡಿರುವುದನ್ನು ಕಾಣಬಹುದು. ಕಲಶದ ಸವಾಲಿನಲ್ಲಿ ಹೆಸರನ್ನು ಕೂಗಿಸಿಕೊಳ್ಳಲು ಮುಂದಾಗುವ ಕೈ, ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಮುಂದಾಗದಿದ್ದರೆ ಅಲ್ಲಿ ದಾತೃವಿನ ಮನಸ್ಸು ಸಡಿಲವಾಗಿದೆ. ಕೊಟ್ಟ ಹಣವು ಏನಾಯಿತೆಂಬುದು ಕೊಟ್ಟವನಿಗೆ ತಿಳಿಯದೆ ಹೋದರೆ, ಲೆಕ್ಕವನ್ನು ಕೇಳಿದವನಿಗೆ ಮುನಿಸೇ ಉತ್ತರವಾದರೆ, ಅಲ್ಲಿ ವಿಧಿಯು ಸಡಿಲವಾಗಿದೆ. ಎರಡನೆಯ ಸಲ ಅವನು ಕೊಡಲು ಹಿಂಜರಿದರೆ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಪಡೆಯುವವರ ಮುಖವನ್ನು ಕೊಡುವವರು ಎಂದೂ ಕಾಣದಿದ್ದರೆ, ದಾನವು ಒಂದು ರಶೀದಿಯಲ್ಲಿಯೇ ಮುಗಿದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣವು ಮನೆಯಲ್ಲಿದೆ. ಮೊದಲು ಮಕ್ಕಳ ವಿದ್ಯಾಭ್ಯಾಸ ಮುಗಿಯಲಿ, ಮನೆ ಕಟ್ಟಿಯಾಗಲಿ, ಮದುವೆಗಳು ನೆರವೇರಲಿ, ಉಳಿದುದರಲ್ಲಿ ಕೊಡೋಣವೆಂದು ಎಣಿಸುವವನಿಗೆ ಉಳಿಯುವ ದಿನವೇ ಬರುವುದಿಲ್ಲ. ಅವನು ಕೊಡುವುದನ್ನು ಕಾಣದೆ ಬೆಳೆದ ಮಕ್ಕಳು, ಉಳಿದಾಗಲೂ ಕೊಡಲು ಕಲಿತಿರುವುದಿಲ್ಲ. ನಾಗಮಯ್ಯನ ಮನೆಯಲ್ಲಿ ಇದು ಹೀಗಿರಲಿಲ್ಲ. ಅಜ್ಜನ ಜಿನಭಕ್ತಿಯು ಮಕ್ಕಳಲ್ಲಿ ಗ್ರಂಥವಾಯಿತು. ಮಕ್ಕಳ ಗ್ರಂಥವು ಮೊಮ್ಮಗಳ ಕೈಯಲ್ಲಿ 1000 ಪ್ರತಿಗಳಾಯಿತು. ಮೂರು ತಲೆಮಾರುಗಳ ಅಭ್ಯಾಸವು ಕೂಡಿ ಒಬ್ಬ ದಾನಚಿಂತಾಮಣಿಯನ್ನು ನಾಡಿಗೆ ಕೊಟ್ಟಿತು.

ಆದುದರಿಂದ ದಾನಬುದ್ಧಿಯನ್ನು ಬೆಳೆಸಲು ಮೊದಲು ಮಾಡಬೇಕಾದುದು ಬಹಳ ಚಿಕ್ಕ ಕಾರ್ಯ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಯಾವುದಾದರೊಂದನ್ನು, ತಮ್ಮ ಶಕ್ತಿಗೆ ಒಪ್ಪುವಷ್ಟು ಚಿಕ್ಕದಾಗಿಯಾದರೂ, ನಿಯಮವಾಗಿ ನಡೆಸುವುದು. ಅದನ್ನು ಮಕ್ಕಳ ಕೈಯಿಂದ ಮಾಡಿಸುವುದು. ಆಸ್ಪತ್ರೆಯ ರೋಗಿಗೆ ಹಣ್ಣನ್ನು ಕೊಂಡೊಯ್ಯುವ ಮಗು, ಓದಿ ಮುಗಿಸಿದ ಪುಸ್ತಕವನ್ನು ಮತ್ತೊಬ್ಬ ವಿದ್ಯಾರ್ಥಿಗೆ ಒಪ್ಪಿಸುವ ಬಾಲಕ, ತನ್ನ ಮೊದಲನೆಯ ಸಂಬಳದಲ್ಲಿ ಒಂದು ಪಾಲನ್ನು ತೆಗೆದಿರಿಸುವ ತರುಣಿ, ಇವರು ಮುಂದಿನ ಕಾಲದ ದಾನಿಗಳು. ಸಂಸ್ಥೆಗಳನ್ನು ನಡೆಸುವವರ ಹೊಣೆಯೂ ಇಷ್ಟೇ ಮುಖ್ಯವಾದುದು. ಬಂದ ಕಾಸಿಗೂ ಹೋದ ಕಾಸಿಗೂ ವರ್ಷಕ್ಕೊಮ್ಮೆ ಎಲ್ಲರ ಎದುರಿನಲ್ಲಿ ಲೆಕ್ಕವನ್ನು ಓದುವುದು, ಸಣ್ಣ ಕಾಣಿಕೆಯನ್ನು ಕೊಟ್ಟವರನ್ನೂ ಸಮಾನವಾಗಿ ಸ್ಮರಿಸುವುದು, ಕಟ್ಟಡದ ಜೊತೆಗೆ ಅದರ ಪೋಷಣೆಗೂ ನಿಧಿಯನ್ನು ಇರಿಸುವುದು ಅವರ ಕರ್ತವ್ಯ. ಲೊಕ್ಕಿಗುಂಡಿಯಲ್ಲಿ ಇಂತಹ ಲೆಕ್ಕವನ್ನು ಎಲ್ಲರೂ ಕಾಣುವಂತೆ ಕಲ್ಲಿನ ಮೇಲೆಯೇ ಕೊರೆದು ನಿಲ್ಲಿಸಿದ್ದರು.

ಚಾಲುಕ್ಯರ ಸಾಮ್ರಾಜ್ಯವು ಅಳಿದುಹೋಯಿತು. ಧಲ್ಲಪನ ಮಂತ್ರಿಪದವಿ, ನಾಗದೇವನ ದಂಡನಾಯಕತ್ವ, ಅಣ್ಣಿಗದೇವನ ಅಧಿಕಾರಗಳು ಇತಿಹಾಸದ ಪುಟಗಳಿಗೆ ಸೇರಿದುವು. ಅವರ ಹೆಸರುಗಳನ್ನು ಇಂದು ಜನರು ತಿಳಿದಿರುವುದು ಅತ್ತಿಮಬ್ಬೆಯ ಮಾವ, ಪತಿ, ಪುತ್ರರೆಂದು. ಕರ್ನಾಟಕ ಸರ್ಕಾರವು ಲೇಖಕಿಯರಿಗೆ ನೀಡುವ ಒಂದು ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನಿಟ್ಟಿದೆ. ಲಕ್ಕುಂಡಿಯ ಜಿನಾಲಯವು ಸಾವಿರ ಮಳೆಗಾಲಗಳನ್ನು ದಾಟಿ ನಿಂತಿದೆ. ಶಾಂತಿಪುರಾಣ, ಅಜಿತಪುರಾಣಗಳನ್ನು ವಿದ್ಯಾರ್ಥಿಗಳು ಓದುತ್ತಿದ್ದಾರೆ. ಆಕೆಯು ತನಗಾಗಿ ಇಟ್ಟುಕೊಂಡದ್ದು ಏನಾದರೂ ಇದ್ದರೆ ಅದರ ಸುಳಿವು ಯಾರಿಗೂ ದೊರೆತಿಲ್ಲ. ಕೊಟ್ಟುದು ಮಾತ್ರ ಉಳಿದಿದೆ.